ಮಾವನ ಮಡಿ ಪದಬಂಧ

ನನ್ನ ಸೋದರಮಾವನಿಗೆ ಲಂಡನ್ನಿನಲ್ಲಿ ಒಬ್ಬ ಶತ್ರುವಿದ್ದ. ಶತ್ರುವಿನ ಹೆಸರು ಮಾವನಿಗೆ ತಿಳಿದಿರಲಿಲ್ಲ. ಮಾವ ಎಂಬುವರೊಬ್ಬರು ಈ ಭೂಮಿಯ ಮೇಲೆ ಇದ್ದಾರೆಂಬುದು ಶತ್ರುವಿಗೆ ತಿಳಿದಿರಲಿಲ್ಲ. ಆದರೂ ಪ್ರತಿದಿನ ಬೆಳಿಗ್ಗೆ ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ವಠಾರದಲ್ಲಿ ಇವರಿಬ್ಬರಿಗೂ ಘನಘೋರ ಯುದ್ಧ ನಡೆಯುತ್ತಿತ್ತು. ರಣರಂಗವೆಂದರೆ ಇಂಗ್ಲಿಷ್ ದಿನಪತ್ರಿಕೆಯ ಒಳಪುಟದಲ್ಲಿ ಬರುತ್ತಿದ್ದ ಪದಬಂಧ. ಅದನ್ನು ಹೆಣೆಯುವವನು ಲಂಡನ್ನಿನಲ್ಲಿದ್ದಾನೆಂದು ಪತ್ರಿಕೆ ಎಲ್ಲಿಯೂ ಹೇಳಿರಲಿಲ್ಲ. ಮಾವನೇ ಅವನನ್ನು ಅಲ್ಲಿ ಇರಿಸಿದ್ದರು. ಅವನಿಗೆ ಒಂದು ಕೈತೋಟ, ಒಂದು ಮುದಿ ನಾಯಿ, ಮಂಡಿನೋವು ಮತ್ತು ಬಾಯಿಬಡುಕಿ ಹೆಂಡತಿಯನ್ನೂ ದಯಪಾಲಿಸಿದ್ದರು.

"ನೋಡು ಕೊಳಂದೆ, ಇವತ್ತು ಅವನಿಗೆ ಹೆಂಡ್ತಿ ಜೊತೆ ಸಂಡೆ ಆಗಿದೆ. ಎಷ್ಟು ಕಹಿಯಾಗಿ ಕೇಳ್ತಾ ಇದಾನೆ ಪಾರು!" ಎನ್ನುತ್ತಿದ್ದರು. ಸಂಡೆ ಎಂದರೆ ಜಗಳ, ಪಾರು ಎಂದರೆ ನೋಡು, ಕೊಳಂದೆ ಎಂದರೆ ಮಗು. ಮಗು ಎಂದರೆ ಎಂ.ಎ. ತರಗತಿಯಲ್ಲಿದ್ದ ನಾನು.

ಇದನ್ನೆಲ್ಲ ನಗುತ್ತ ಬರೆಯಲು ಸಾಧ್ಯವಾಗಿದೆಯಲ್ಲ, ಅದೇ ನನಗೆ ದೊಡ್ಡ ಸಮಾಧಾನ. ಅಚ್ಚಾದ ಮೇಲೆ ಈ ಪ್ರಬಂಧವನ್ನು ಮಾವ ತಮ್ಮ ಕಣ್ಣಿನಿಂದಲೇ ಓದುತ್ತಾರೆ. ಪೆನ್ಸಿಲ್ ಹಿಡಿದು ನನ್ನ ವಾಕ್ಯಗಳಿಗೆ ಕತ್ತರಿಯನ್ನೂ ಹಾಕುತ್ತಾರೆ. ಒಂದು ಕಾಲಕ್ಕೆ ಆ ಕಣ್ಣುಗಳೇ ಹೋಗಿಬಿಡುವುದರಲ್ಲಿದ್ದವು. ಮನೆ ತುಂಬ ಜನರಿದ್ದೂ ಒಬ್ಬರಿಗೂ ಅದು ತಿಳಿಯಲಿಲ್ಲ! ಏಕೆ ತಿಳಿಯಲಿಲ್ಲ ಎಂಬ ಪ್ರಶ್ನೆಗೆ ನಮ್ಮ ಬಂಧುವರ್ಗ ಇಂದಿನವರೆಗೂ ಉತ್ತರ ಕೊಟ್ಟಿಲ್ಲ. ಕೊಡಲೇಬೇಕು. ಕೊಡುವವರೆಗೂ ಕೇಳುತ್ತಿರುವುದೆಂಬುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಬಹುಶಃ ಒಂದೇ ವಿದ್ಯೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿಹೋಗಿದ್ದರೂ ನಮ್ಮ ಮನೆಯವರಿಗೆ ಓದು ಎಂದರೆ ಮದರಾಸೇ. ಹೀಗಾಗಿ ನಾನು ಒಂದು ಟ್ರಂಕು, ಒಂದು ಹಾಸಿಗೆಸುರುಳಿ ಮತ್ತು ಅಪಾರವಾದ ಅಭಿಪ್ರಾಯಗಳೊಂದಿಗೆ ಮಾವನ ಮನೆಗೆ ಬಂದಿಳಿದಿದ್ದೆ. ಮಾವನ ತಾತನ ಕಾಲದಿಂದಲೂ ಆ ಮನೆಯವರು ಅಲ್ಲಿಯವರು. ಅವರ ಮಾತಿನಲ್ಲಿ ಪದಗಳು ಕನ್ನಡದವು, ಉಸಿರು ತಮಿಳಿನದು. ಬಂದರಿನ ಬಳಿಯ ಒಂದು ಬಿಳಿಯರ ಕಂಪನಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದು ನಿವೃತ್ತರಾಗಿದ್ದ ಮಾವ, ಅಲ್ಲಿನ ದೊರೆ ಅರ್ಧಕ್ಕೆ ಬಿಟ್ಟು ಬುಟ್ಟಿಗೆ ಎಸೆಯುತ್ತಿದ್ದ ಪದಬಂಧಗಳನ್ನು ಹೆಕ್ಕಿ ಪೂರ್ತಿ ಮಾಡುತ್ತ ಈ ವ್ಯಸನವನ್ನು ಹಚ್ಚಿಕೊಂಡಿದ್ದರು. ದೊರೆ ಹಡಗು ಹತ್ತಿ ಹೋದ. ವ್ಯಸನ ಇಲ್ಲಿಯೇ ಉಳಿಯಿತು.

ಬಂದ ವಾರದಲ್ಲಿಯೇ ಅವರು ನನಗೆ ಶಿಷ್ಯದೀಕ್ಷೆ ಕೊಟ್ಟರು. ಪದಬಂಧದಲ್ಲಿ ದಿನದಿಂದ ದಿನಕ್ಕೆ ಪಳಗುವುದು ಹೇಗೆ? ಮಾವನ ಬಳಿ ಒಂದು ಶಾಸ್ತ್ರವೇ ಇತ್ತು. ಮೊದಲನೆಯ ಸೂತ್ರ, ಮೊದಲನೆಯ ಸುಳಿವಿನಿಂದ ಎಂದೂ ಆರಂಭಿಸಬಾರದು.

"ಯಾಕೆ ಮಾವ?"

"ಅವನು ಹೆಣೆಯೋಕೆ ಕೂತಾಗ ಹೊಟ್ಟೆ ತುಂಬಿರುತ್ತೆ, ಬುದ್ಧಿ ಚುರುಕಾಗಿರುತ್ತೆ. ಕೆಳಗೆ ಬಲಗಡೆ ಮೂಲೆಗೆ ಬರೋ ಹೊತ್ತಿಗೆ ಪಾವಂ, ಹಸಿವಾಗಿರುತ್ತೆ. ಅಲ್ಲಿ ಬೇಗ ಬೇಗ ಸುಲಭದ್ದು ಹಾಕಿ ಎದ್ದುಹೋಗ್ತಾನೆ. ನಾವು ಅಲ್ಲಿಂದ ಒಳಗೆ ನುಗ್ಗಬೇಕು."

ತರ್ಕಶಾಸ್ತ್ರದಲ್ಲಿ ಬಹುಮಾನ ಪಡೆದಿದ್ದ ನಾನು ನಕ್ಕೆ. ಆದರೆ ಕೆಳಗಿನ ಬಲ ಮೂಲೆಯಿಂದ ಆರಂಭಿಸಿದ ದಿನ ನನ್ನ ಪದಬಂಧವೂ ಮುಕ್ಕಾಲು ಭಾಗ ತುಂಬಿತು! ಇದಕ್ಕೆ ಏನೆನ್ನುವುದು?

ಎರಡನೆಯದು ಶತ್ರುವಿನ ಊಟ-ತಿಂಡಿಯನ್ನು ಅರಿಯುವುದು. ಮೂರಕ್ಷರದ ಮೀನು, ನಾಲ್ಕಕ್ಷರದ ಮದ್ಯ ಇವಿಲ್ಲದೆ ಇಂಗ್ಲಿಷ್ ಪದಬಂಧವೇ ಇಲ್ಲ. ಮೀನಿನ ಮಾರುಕಟ್ಟೆಯ ಗಾಳಿ ಬೀಸುವ ಬೀದಿಯನ್ನೇ ಬಳಸಿ ನಡೆಯುತ್ತಿದ್ದ ಈ ಮಾಧ್ವ ಬ್ರಾಹ್ಮಣರು ಪಾನನಿಷೇಧವಿದ್ದ ಆ ಮದರಾಸಿನಲ್ಲಿ ಮದ್ಯಗಳ ಹೆಸರುಗಳನ್ನು ಸಂಗ್ರಹಿಸಲು ಪೆರಂಬೂರಿಗೆ ಹೋಗುತ್ತಿದ್ದರು. ಅಲ್ಲಿ ಅವರ ಹಳೆಯ ಗೆಳೆಯರೊಬ್ಬರು, ನಿವೃತ್ತ ಆಂಗ್ಲೋ-ಇಂಡಿಯನ್ ಎಂಜಿನ್ ಡ್ರೈವರ್, ಇದ್ದರು. ಬಾಗಿಲು ತೆರೆದ ಕೂಡಲೇ ಮಾವ, "ದ್ರಾಕ್ಷಿಯಿಂದ ಮಾಡೋದು, ನಾಲ್ಕಕ್ಷರ, ಕೊನೇಲಿ ಟಿ. ಏನದು?" ಎಂದು ಕೇಳಿದರಂತೆ. ಆ ಮನುಷ್ಯ ಬೀದಿಯ ಎರಡೂ ಕಡೆ ನೋಡಿ, ಮಾವನನ್ನು ಒಳಕ್ಕೆ ಎಳೆದುಕೊಂಡು, ಪಿಸುದನಿಯಲ್ಲಿ, "ಪೋರ್ಟ್. ಆದ್ರೆ ನನ್ನತ್ರ ಇಲ್ಲ, ಮ್ಯಾನ್!" ಎಂದರಂತೆ.

ಮನೆಗೆ ಬಂದು ಅವನ್ನೆಲ್ಲ ಮರೆಯದಂತೆ ಬಾಯಿಪಾಠ ಮಾಡುವುದು. ದೇವರ ಮನೆಯ ಹೊಸ್ತಿಲಲ್ಲಿ ಕುಳಿತು, "ಏಲ್, ಈಲ್, ಜಿನ್, ಕಾಡ್, ರಮ್, ಪೋರ್ಟ್" ಎಂದು ರಾಗವಾಗಿ ಹೇಳುತ್ತಿದ್ದ ಗಂಡನನ್ನು ಕಂಡು ಅತ್ತೆ ನನ್ನ ಕಡೆ ತಿರುಗಿ, "ಅದೇನೇ ಅದು, ಯಾವ ಸ್ತೋತ್ರ?" ಎಂದು ಕೇಳಿದ್ದರು. ನಾನು ಸತ್ಯವನ್ನೇ ಹೇಳಿದೆ. ಅತ್ತೆ ಹೊಸ್ತಿಲನ್ನು ನೀರು ಹಾಕಿ ತೊಳೆದರು.

ಇವೆಲ್ಲ ಸಾಧಾರಣ ಸೂತ್ರಗಳು. ಮಹಾಸೂತ್ರವೆಂದರೆ, ಪದಬಂಧವನ್ನು ಕಣ್ಣಿನಿಂದ ಬಿಡಿಸಬಾರದು, ಕಿವಿಯಿಂದ ಬಿಡಿಸಬೇಕು! ಅಚ್ಚಿನ ಅಕ್ಷರ ಮೋಸಗಾರ, ಧ್ವನಿ ಪ್ರಾಮಾಣಿಕ ಎಂಬುದು ಮಾವನ ವಾದ. ಇದಕ್ಕೆ ಪೂರಕವಾಗಿ ಒಂದು ಧಾರ್ಮಿಕ ಕಾರಣವೂ ಇತ್ತು. ಸ್ನಾನ ಮುಗಿಸಿ ಮಡಿ ಪಂಚೆಯುಟ್ಟು, ಗೋಪೀಚಂದನದ ಮುದ್ರೆಗಳನ್ನು ಹಚ್ಚಿಕೊಂಡ ಮೇಲೆ ಕಂಡವರೆಲ್ಲ ಮುಟ್ಟಿದ ಪತ್ರಿಕೆಯನ್ನು ಮುಟ್ಟುವುದೆಂತು? ಮೈಲಿಗೆಯಾಗುವುದಿಲ್ಲವೇ? ಆದ್ದರಿಂದ ನಾನು ಹೊಸ್ತಿಲಾಚೆ ನಿಂತು ಸುಳಿವುಗಳನ್ನು ಓದಬೇಕು. ಅವರು ಒಳಗೆ ಮಣೆಯ ಮೇಲೆ ಕುಳಿತು ಕೇಳಬೇಕು. ಕಾಗದ-ಪೆನ್ಸಿಲ್ಲುಗಳು ಮೈಲಿಗೆ. ಆದರೆ ರಂಗೋಲಿಯ ಪುಡಿಗೆ ಎಲ್ಲಿಯ ಮೈಲಿಗೆ? ಅತ್ತೆ ಕಾವಿನೆಲದ ಮೇಲೆ ಬಿಳಿಯ ರಂಗೋಲಿಯಲ್ಲಿ ಪದಬಂಧದ ಮನೆಗಳನ್ನು ಎಳೆಯುತ್ತಿದ್ದರು. ನಾನು "ಕಪ್ಪು" ಎಂದ ಮನೆಗೆ ಒಂದು ಚಿಟಿಕೆ ಅರಿಸಿನ ಹಾಕುತ್ತಿದ್ದರು. ಉತ್ತರ ಹೊಳೆದಾಗ ಮಾವ ಬಗ್ಗಿ, ಎರಡು ಬೆರಳಿನ ನಡುವಿಂದ ಪುಡಿ ಸುರಿಸುತ್ತ ಗೇಣುದ್ದದ ಇಂಗ್ಲಿಷ್ ಅಕ್ಷರಗಳನ್ನು ಬಿಡಿಸುತ್ತಿದ್ದರು. ಮನೆಗಳು ದೊಡ್ಡದಾದಷ್ಟೂ ಬುದ್ಧಿ ವಿಶಾಲವಾಗುತ್ತದೆ ಎಂಬುದು ಇನ್ನೊಂದು ಸೂತ್ರ. ಹೀಗಾಗಿ ತಿಂಗಳು ತಿಂಗಳಿಗೆ ಮನೆಗಳು ದೊಡ್ಡದಾಗುತ್ತ ಹೋಗಿ, ಪದಬಂಧ ದೇವರಕೋಣೆಯನ್ನು ದಾಟಿ ನಡುಮನೆಗೆ ಕಾಲಿಟ್ಟಿತು.

ಪಕ್ಕದ ಮನೆಯ ಅಯ್ಯಂಗಾರ್ ಮಾಮಿ ಒಂದು ದಿನ ಹಾಲು ಕೇಳಲು ಬಂದವರು ಇದನ್ನು ಕಂಡು ದಂಗಾಗಿ ನಿಂತರು. ಬಿಳಿಯ ಮನೆಗಳು, ಅರಿಸಿನದ ಮನೆಗಳು, ನಡುನಡುವೆ ಬೀಜಾಕ್ಷರಗಳು! "ಎನ್ನ ಯಂತ್ರಂ ರಾವ್‌ಜಿ ಇದು?" ಎಂದು, ಇದು ಯಾವ ಯಂತ್ರವೆಂದು ಭಯಭಕ್ತಿಯಿಂದ ಕೇಳಿದರು. ಆಗ ತಾನೇ ಹದಿಮೂರನೆಯ ಸುಳಿವಿನಲ್ಲಿ ಮುಳುಗಿದ್ದ ಮಾವ ಮಾತನಾಡಬೇಡಿ ಎಂದು ಕೈಯೆತ್ತಿದರು. ಮಾಮಿ ಅದನ್ನು ಆಶೀರ್ವಾದವೆಂದು ಸ್ವೀಕರಿಸಿ, ನಡುವಿನ ಮನೆಯ ಮೇಲೆ ಒಂದು ಮಲ್ಲಿಗೆಯ ಹೂವಿಟ್ಟು ನಮಸ್ಕರಿಸಿ ಹೋದರು. ಆ ತಿಂಗಳು ಅವರ ಮಗಳಿಗೆ ವರ ಗೊತ್ತಾದ. ಮುಂದಿನದನ್ನು ನಾನು ಹೇಳಬೇಕೇ? ವಠಾರದ ಹೆಂಗಸರು ಬೆಳಿಗ್ಗೆ ಹೂ ಹಿಡಿದು ಬರತೊಡಗಿದರು. ಲಂಡನ್ನಿನ ಮುದುಕನ ಕೆಲಸಕ್ಕೆ ಇಂಥ ಪೂಜೆ ಇಂಗ್ಲೆಂಡಿನಲ್ಲಿಯೂ ಸಂದಿರಲಾರದು.

ಮಾವನ ಮಡಿ ದಿನೇ ದಿನೇ ಉಗ್ರವಾಯಿತು. ಮೊದಲು ಪೂಜೆಯವರೆಗೆ ಇದ್ದದ್ದು ಊಟದವರೆಗೆ, ಅನಂತರ ಸಂಜೆಯವರೆಗೆ ಹಬ್ಬಿತು. ಯಾರೂ ಹತ್ತಿರ ಸುಳಿಯಕೂಡದು. ಅತ್ತೆ ಕಾಫಿಯ ಲೋಟವನ್ನು ಕೈಗೆ ಕೊಡಕೂಡದು. ಮಣೆಯ ಪಕ್ಕ ಗೊತ್ತಾದ ಜಾಗದಲ್ಲಿ ಸದ್ದಾಗುವಂತೆ ಕುಕ್ಕಿ ಇಡಬೇಕು. ಬೀದಿಗೆ ಹೋಗುವುದು ನಿಂತಿತು, ಪೆರಂಬೂರು ನಿಂತಿತು. ಬಂಧುಗಳು ಬೆರಗಾದರು. "ಈ ಕಾಲದಲ್ಲಿ ಇಂಥ ಆಚಾರ!" ಎಂದು ಊರೂರಿನಿಂದ ಬಂದು ಸಾಷ್ಟಾಂಗ ಹಾಕಿದರು. ಒಮ್ಮೆ ಮಠದಿಂದ ಆಚಾರ್ಯರೊಬ್ಬರು ಶಾಲು ಹೊದಿಸಲು ಬಂದಾಗ, ಮಾವ ಎದ್ದುನಿಂತು, ಎದುರಿಗಿದ್ದ ಆಚಾರ್ಯರನ್ನು ಬಿಟ್ಟು ಪಕ್ಕದ ಕಂಬಕ್ಕೆ ಭಕ್ತಿಯಿಂದ ಕೈಮುಗಿದರು. ಮರುಕ್ಷಣವೇ ಆಚಾರ್ಯರ ಕಣ್ಣಲ್ಲಿ ನೀರು! "ನೋಡಿದಿರಾ? ಕಂಬದಲ್ಲಿ ನರಸಿಂಹನನ್ನು ಕಾಣೋ ಸ್ಥಿತಿ ಇದು! ನಮಗೆಲ್ಲ ಎಲ್ಲಿ ಬರಬೇಕು?" ಎಂದು ಅವರೂ ಕಂಬಕ್ಕೆ ನಮಸ್ಕರಿಸಿದರು. ಸಾಲಾಗಿ ಎಲ್ಲರೂ ನಮಸ್ಕರಿಸಿದರು. ಆ ಕಂಬಕ್ಕೆ ಈಗಲೂ ನಮ್ಮ ಮನೆಯಲ್ಲಿ ವಿಶೇಷ ಗೌರವವಿದೆ.

ನಾನೊಬ್ಬಳು ಮಾತ್ರ ಕುದಿಯುತ್ತಿದ್ದೆ. ಅಂತಿಮ ಪರೀಕ್ಷೆ ಹತ್ತಿರ ಬರುತ್ತಿತ್ತು. ನನ್ನ ಬೆಳಗಿನ ಹೊತ್ತೆಲ್ಲ ಹೊಸ್ತಿಲಾಚೆ ನಿಂತು ಮೀನು-ಮದ್ಯಗಳ ಸುಳಿವು ಓದುವುದರಲ್ಲಿ ಕರಗುತ್ತಿತ್ತು. ಮಡಿಯ ಹೆಸರಿನಲ್ಲಿ ಒಬ್ಬ ವಿದ್ಯಾವಂತ ಹೆಣ್ಣಿನ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವ ಅಧಿಕಾರವನ್ನು ಯಾವ ಶಾಸ್ತ್ರ ಕೊಟ್ಟಿದೆ? ಚರ್ಚಾಕೂಟದ ವೇದಿಕೆಯ ಮೇಲೆ ಮಂತ್ರಿಗಳನ್ನೇ ಲೆಕ್ಕ ಕೇಳುತ್ತಿದ್ದವಳು ಮನೆಯೊಳಗೆ ಬಾಯಿ ಮುಚ್ಚಿಕೊಂಡಿರುವುದು ಯಾವ ನ್ಯಾಯ? ಒಂದು ಬೆಳಿಗ್ಗೆ ನಾನು ಪತ್ರಿಕೆಯನ್ನು ಮಾವನ ಮಣೆಯ ಮುಂದೆ ಹಾಸಿಟ್ಟು, ಆಮೇಲೆ ತಲೆಗೆ ನೀರು ಹಾಕಿಕೊಂಡು, ಅತ್ತೆಯ ಮಡಿಸೀರೆಯುಟ್ಟು, ಅವರೆದುರು ಇನ್ನೊಂದು ಮಣೆ ಹಾಕಿಕೊಂಡು ಕುಳಿತೆ.

"ಮಾವ, ಇವತ್ತಿನಿಂದ ನಾನೂ ಮಡಿ. ಪತ್ರಿಕೆ ನನಗೂ ಮೈಲಿಗೆ. ಅದೋ, ನಿಮ್ಮ ಮುಂದೆ ನೆಲದ ಮೇಲೆ ಹಾಸಿದೆ. ಬಗ್ಗಿ ನೀವೇ ಓದಿಕೊಳ್ಳಿ. ಇಲ್ಲದಿದ್ದರೆ, ನನ್ನಿಂದ ಏಕೆ ಓದಿಸುತ್ತೀರಿ ಎನ್ನುವುದಕ್ಕೆ ಉತ್ತರ ಕೊಡಿ."

"ಎನ್ನಡಿ ಇದು, ಹೊಸ ಸತ್ಯಾಗ್ರಹ?" ಎಂದು ಮಾವ ನಕ್ಕರು. ಆದರೆ ಆ ನಗು ಅರ್ಧದಲ್ಲಿಯೇ ನಿಂತಿತು. ಅವರು ನಿಧಾನವಾಗಿ ಬಗ್ಗಿದರು. ಬಹಳ ಹೊತ್ತು ಪುಟವನ್ನು ದಿಟ್ಟಿಸಿದರು. ತಲೆದೂಗಿದರು.

"ಹ್ಞೂ, ಇವತ್ತಿನದು ಪರವಾಯಿಲ್ಲೆ, ಸುಲಭ. ಕೆಳಗಿನ ಮೂಲೆ ನೋಡು, ಎಷ್ಟು ಹಸಿದಿದಾನೆ ಪಾವಂ!"

ನಾನೂ ಬಗ್ಗಿ ನೋಡಿದೆ. ಸಿಟ್ಟಿನ ಭರದಲ್ಲಿ ನಾನು ಬೇರೆ ಪುಟ ಹಾಸಿಬಿಟ್ಟಿದ್ದೆ. ಅಲ್ಲಿ ಪದಬಂಧವೇ ಇರಲಿಲ್ಲ. ಬಂದರಿಗೆ ಬರುವ ಹಡಗುಗಳ ವೇಳೆ, ಹರಾಜಿನ ಪ್ರಕಟಣೆ, ಕೆಳಗಿನ ಬಲ ಮೂಲೆಯಲ್ಲಿ ಒಂದು ಹಲ್ಲುಪುಡಿಯ ಜಾಹೀರಾತು.

ನಾನು ಮಡಿಯನ್ನೂ ಮರೆತು ಆ ಪುಟವನ್ನು ಸರಸರನೆ ಮಡಚಿದೆ. ಆ ಸದ್ದಿನಿಂದಲೇ ಮಾವನಿಗೆ ಎಲ್ಲ ತಿಳಿದುಹೋಯಿತು. "ಬೇರೆ ಪುಟವಾ?" ಎಂದರು, ಮೆಲ್ಲಗೆ. "ಶರಿ. ಎಷ್ಟು ದಿನಾಂತ ನಡೆಯುತ್ತೆ ಇದು."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಡಿ ಅದರ ಹಿಂದೆ ಹಿಂದೆಯೇ ಬೆಳೆದಿತ್ತು. ಕಿವಿಯ ಸೂತ್ರ, ದೊಡ್ಡ ಮನೆಗಳ ಸೂತ್ರ, ಸದ್ದು ಮಾಡಿ ಇಡಬೇಕಾದ ಲೋಟ, ನರಸಿಂಹನ ಕಂಬ ಎಲ್ಲವೂ ಒಂದೇ ಎಳೆಯಲ್ಲಿ ನನಗೆ ಅರ್ಥವಾದವು. ಒಬ್ಬ ಮನುಷ್ಯ ನಮ್ಮೆಲ್ಲರ ಕಣ್ಣೆದುರಿಗೇ ಕುರುಡನಾಗುತ್ತಿದ್ದಾಗ ಇಡೀ ಸಮಾಜ ಅದಕ್ಕೆ ಕೊಟ್ಟ ಹೆಸರು ಆಚಾರ! ಹೊದಿಸಿದ್ದು ಶಾಲು! ಉತ್ತರ ಕೊಡಬೇಕಾದವರು ಯಾರು? ಶಾಲಿನವರೇ, ಹೂವಿನವರೇ, ಸಾಷ್ಟಾಂಗದವರೇ?

ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಅಲ್ಲಿಯೇ ಕುಳಿತರು. "ನನ್ನನ್ನ ದೂರ ಇಡ್ತಾ ಇದ್ದದ್ದು ಇದಕ್ಕಾ?" ಎಂದರು. "ನಾನೇನು ತಪ್ಪು ಮಾಡಿದೆನೋ ಅಂತ ದಿನಾ ಯೋಚನೆ ಮಾಡ್ತಾ ಇದ್ದೆನಲ್ಲ ನಾನು. ಲೋಟ ಕೂಡ ಕೈಯಿಂದ ತಗೊಳ್ಳಲ್ವಲ್ಲ ಅಂತ."

"ಹತ್ತಿರ ಬಂದ್ರೆ ನಿನಗೆ ಗೊತ್ತಾಗ್ತಿತ್ತು. ಕಣ್ಣು ನೋಡಿದ್ರೆ ಗೊತ್ತಾಗುತ್ತೆ," ಎಂದರು ಮಾವ.

ಶಸ್ತ್ರಚಿಕಿತ್ಸೆ ಮಾಡಿಸಿದರೆ ಸರಿಹೋಗುತ್ತದೆ ಎಂದು ನಾನು ಹೇಳಿದ ಕೂಡಲೇ ಅವರು ಬೇಡವೆಂದು ಎರಡೂ ಕೈಯೆತ್ತಿದರು. ಅವರ ಅಣ್ಣನಿಗೂ ಹೀಗೆಯೇ ಪೊರೆ ಬಂದಿತ್ತಂತೆ. ಯಾರೋ ಊರೂರು ತಿರುಗುವವನ ಕೈಯಲ್ಲಿ ತೆಗೆಸಿ, ಇದ್ದ ಬೆಳಕನ್ನೂ ಕಳೆದುಕೊಂಡರಂತೆ. "ಈಗ ಮಂಜಾದ್ರೂ ಕಾಣುತ್ತೆ ಕೊಳಂದೆ. ರಂಗೋಲಿ ಗೆರೆ ಕಾಣುತ್ತೆ. ಅದೂ ಹೋದ್ರೆ?" ಎಂದು ಕೇಳಿದರು. ನಾನು ವಿಜ್ಞಾನದ ಮುನ್ನಡೆ, ಪೌರನ ಕರ್ತವ್ಯ, ಕುಟುಂಬದ ಹೊಣೆ ಎಂದು ವಿಷಯವನ್ನು ಭಾಗಗಳಾಗಿ ವಿಂಗಡಿಸಿ ಉಪನ್ಯಾಸವನ್ನೇ ಮಾಡಿದೆ. ಮಾವ ಪೂರ್ತಿ ಕೇಳಿ, "ತುಂಬ ಚೆನ್ನಾಗಿ ಮಾತಾಡ್ತೀ. ಎಲೆಕ್ಷನ್‌ಗೆ ನಿಲ್ಲು," ಎಂದರು.

ಅತ್ತೆ ಉಪನ್ಯಾಸ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಾವ ಮಡಿಯುಟ್ಟು ಬಂದಾಗ ನೆಲ ಬರಿದಾಗಿತ್ತು. ಅವರು ಪಾದದಿಂದ ಅತ್ತ ಇತ್ತ ಸವರಿ ನೋಡಿದರು. ಪುಡಿಯ ಒಂದು ಎಳೆಯೂ ಸಿಗಲಿಲ್ಲ.

"ಎಲ್ಲಿ ಹಾಕಿದೀ?"

"ಹಾಕಿಲ್ಲ. ಹಾಕೋದೂ ಇಲ್ಲ," ಎಂದರು ಅತ್ತೆ ಒಲೆಯ ಮುಂದಿನಿಂದ. "ಆ ಗೆರೆ ಕಾಣುತ್ತೆ ಅಂತ ತಾನೇ ನೀವು ಸುಮ್ನೆ ಕೂತಿರೋದು? ಮೊದ್ಲು ಗೊತ್ತಿದ್ರೆ ಅವತ್ತೇ ನಿಲ್ಲಿಸ್ತಿದ್ದೆ."

ಮಾವ ಆ ಬರಿನೆಲವನ್ನು ಇನ್ನೊಮ್ಮೆ ಪಾದದಿಂದ ಸವರಿದರು. ಆಮೇಲೆ ನನ್ನತ್ತ ತಿರುಗಿ, ಅಥವಾ ನಾನಿದ್ದೇನೆಂದು ಅವರು ಭಾವಿಸಿದ ದಿಕ್ಕಿಗೆ ತಿರುಗಿ, "ಆಸ್ಪತ್ರೆ ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಅನಂತರ ತಲೆಯ ಎರಡೂ ಪಕ್ಕ ಮರಳಿನ ಚೀಲಗಳನ್ನಿಟ್ಟು, ಎರಡು ಕಣ್ಣಿಗೂ ಪಟ್ಟಿ ಕಟ್ಟಿ, ಕೆಮ್ಮಬಾರದು, ಸೀನಬಾರದು, ನಗಬಾರದು ಎಂದು ಕಟ್ಟಪ್ಪಣೆ ಮಾಡಿದರು. ಅಲುಗಿದರೆ ಕಣ್ಣು ಹೋದಂತೆಯೇ! ಮಲಯಾಳಿ ನರ್ಸಮ್ಮ ಚಮಚದಲ್ಲಿ ಗಂಜಿ ಹಿಡಿದು ಬಂದರೆ ಮಾವ ತುಟಿ ಬಿಗಿದು, "ಇವತ್ತು ಏಕಾದಶಿ," ಎಂದರು.

"ಇಂಗೆ ಏಕಾದಶಿ ಕಿಡೆಯಾದು. ವಾಯೆ ತೊರಂಗೊ, ತಾತಾ," ಎಂದಳು ಆಕೆ, ಇಲ್ಲಿ ಏಕಾದಶಿಯೆಲ್ಲ ಇಲ್ಲ, ಬಾಯಿ ತೆರೆಯಿರಿ ಎಂದು. ಮಾವ ಬಾಯಿ ತೆರೆದರು. ಜಗತ್ತಿನ ಯಾವ ಸುಧಾರಕನೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಕ್ರಾಂತಿ ಮಾಡಿರಲಾರ.

ನಾನು ಪಕ್ಕದಲ್ಲಿ ಕುಳಿತು ಸುಳಿವುಗಳನ್ನು ಪಿಸುಗುಡುತ್ತಿದ್ದೆ. ಈ ಬಾರಿ ಯಾರ ಬಲವಂತವೂ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಸೌಕಾರ್‌ಪೇಟೆಯ ಜವಳಿ ವ್ಯಾಪಾರಿಯೊಬ್ಬರು, ಅವರಿಗೂ ಕಣ್ಣಿಗೆ ಪಟ್ಟಿ, ಎಲ್ಲ ಸುಳಿವಿಗೂ ಬಟ್ಟೆಯ ಹೆಸರನ್ನೇ ಉತ್ತರವಾಗಿ ಕೂಗುತ್ತಿದ್ದರು. ರೋಮನ್ ಚಕ್ರವರ್ತಿ ಎಂದರೂ ಮಸ್ಲಿನ್, ಆಫ್ರಿಕದ ನದಿ ಎಂದರೂ ಪಾಪ್ಲಿನ್! ಒಂದು ದಿನ ನಿಜವಾಗಿಯೂ "ಹೊಳಪಿನ ಬಟ್ಟೆ, ಐದಕ್ಷರ" ಎಂದು ಬಂದೇಬಿಟ್ಟಿತು. ಆ ಹೊತ್ತಿಗೆ ವ್ಯಾಪಾರಿಗಳಿಗೆ ಗಾಢ ನಿದ್ದೆ. "ಎಬ್ಬಿಸಬೇಡ, ಅವರ ಉತ್ತರ ಸರಿಹೋಗಿಬಿಟ್ರೆ ನಾನು ನಕ್ಕುಬಿಡ್ತೀನಿ," ಎಂದು ಮಾವ ಹಲ್ಲು ಕಚ್ಚಿ ಹೇಳಿದರು. ಮರಳಿನ ಚೀಲಗಳ ನಡುವೆ ಅವರ ಗಲ್ಲ ನಡುಗುತ್ತಿತ್ತು. ನಾನು ಗಾಬರಿಯಿಂದ ವಾರ್ಡಿನ ಹೊರಗೆ ಓಡಿದೆ. ನಗು ಅಷ್ಟು ಭಯಾನಕವೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಡಾಕ್ಟರು ಅವರೆದುರು ಕೈ ಹಿಡಿದು ಎಷ್ಟು ಬೆರಳು ಎಂದು ಕೇಳಿದರು. ಮಾವ ಸರಿಯಾಗಿ ಹೇಳಿದರು. ಮತ್ತೆ ಕೇಳಿದರು, ಮತ್ತೆ ಸರಿಯಾಗಿ ಹೇಳಿದರು. ನಾನು ಗೋಡೆಗೆ ಒರಗಿ ನಿಂತೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೂ ನನಗೆ ಅಷ್ಟು ಹಗುರವೆನಿಸಲಿಲ್ಲ.

ಕೆಲವು ವಾರ ಕಳೆದು ಕನ್ನಡಕ ಬಂತು. ಸೋಡಾಬುಡ್ಡಿಯ ತಳದಷ್ಟು ದಪ್ಪ. ಅದನ್ನು ಹಾಕಿಕೊಂಡರೆ ಲೋಕವೆಲ್ಲ ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತಿತ್ತಂತೆ. ಮೊದಲ ಬೆಳಿಗ್ಗೆ ಮಾವ ನಡುಮನೆಯಲ್ಲಿ ಮಣೆಯ ಮೇಲೆ ಕುಳಿತು ಪತ್ರಿಕೆಯನ್ನು ತಾವೇ ಕೈಗೆತ್ತಿಕೊಂಡರು. ಅತ್ತೆ ಕಾಫಿ ತಂದು ಲೋಟವನ್ನು ನೀಡಿದರು. ಮಾವ ಕೈಚಾಚಿ ಗಾಳಿಯನ್ನು ಹಿಡಿದರು. ಎರಡನೆಯ ಸಲ ಲೋಟದ ಜೊತೆಗೆ ಅತ್ತೆಯ ಬೆರಳೂ ಸಿಕ್ಕಿತು. ತಲೆಯೆತ್ತಿ ನೋಡಿದರು. ಅಂಗಳದ ಬೆಳಕು ಅತ್ತೆಯ ಮೇಲೆ ನೇರವಾಗಿ ಬೀಳುತ್ತಿತ್ತು.

"ತಲೆ ಪೂರ್ತಿ ಬೆಳ್ಳಗಾಗಿದೆ ನಿನಗೆ," ಎಂದರು ಮಾವ. "ಇದು ಯಾವಾಗ ಆಯ್ತು?"

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನೀವು ಮಡೀಲಿ ಇದ್ರಿ," ಎಂದರು.

ಯಾರನ್ನು ಯಾವ ಲೆಕ್ಕ ಕೇಳಬೇಕೆಂದು ನನಗೂ ತೋಚಲಿಲ್ಲ.

"ಸೆರಗು ತೆಗಿ. ನೋಡ್ಬೇಕು."

"ನನ್ನ ತಲೇಲಿ ಏನಿದೆ ನೋಡೋಕೆ? ಪೇಪರ್ ನೋಡಿ."

"ಪೇಪರ್ ನಾಳೆಯೂ ಬರುತ್ತೆ. ನೀನು ಕೂತ್ಕೋ ಇಲ್ಲಿ."

ಅತ್ತೆ ಕುಳಿತರು, ಅಭ್ಯಾಸಬಲದಿಂದ ಒಂದು ಮಾರು ದೂರದಲ್ಲಿ. ಮಾವ ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮಣೆಯನ್ನು ನೆಲದ ಮೇಲೆ ಸರಿಸುತ್ತ ಸರಿಸುತ್ತ ಅವರ ಹತ್ತಿರಕ್ಕೆ ಬಂದರು.